ಕಪ್ಪು ಡೈ ಬಿಡಿಸಿ ಕೂದಲಿನ ಸ್ವಂತ ಬಣ್ಣ ತಂದದ್ದು ಹೀಗೆ

ಎರಡು ವರ್ಷ ಕಪ್ಪು ಡೈ ಹಚ್ಚಿ ನಿಲ್ಲಿಸಿದ ಮೇಲೆ ಬುಡ ಕಂದು, ತುದಿ ಕಾಡಿಗೆ. ನಿಂಬೆರಸ, ಅಡುಗೆ ಸೋಡಾ, ತಲೆಹೊಟ್ಟಿನ ಶಾಂಪೂ ಎಲ್ಲಾ ಆಯಿತು, ಕೂದಲು ತೆಂಗಿನ ನಾರಾಯಿತು ಅಷ್ಟೇ. ಹಾಸನದ ಒಂದು ಪಾರ್ಲರಿನಲ್ಲಿ ಬ್ಲೀಚ್ ಮಾಡೋಣ ಎಂದರು. ಅದು ಸ್ವಂತ ಬಣ್ಣವನ್ನೂ ತೆಗೆಯುತ್ತದೆ ಅಲ್ವಾ, ಬೇಡ ಎಂದೆ.

ಕೆಲಸ ಮಾಡಿದ್ದು ಬ್ಲೀಚ್ ಇಲ್ಲದ ಕಲರ್ ರಿಮೂವರ್. ಒಣ ಕೂದಲಿಗೆ, ಡೈ ಇರುವ ಭಾಗಕ್ಕೆ ಮಾತ್ರ ಹಚ್ಚಿ, ಪ್ಲಾಸ್ಟಿಕ್ ಕ್ಯಾಪ್ ಹಾಕಿ 20 ನಿಮಿಷ ಬಿಟ್ಟೆ. ಕೊಳೆತ ಮೊಟ್ಟೆ ವಾಸನೆ ಬರುತ್ತದೆ, ಕಿಟಕಿ ತೆಗೆದಿಡಿ. ಆಮೇಲೆ ತೊಳೆಯುವುದೇ ಮುಖ್ಯ. ಮೊದಲ ಸಲ ಐದೇ ನಿಮಿಷ ತೊಳೆದಿದ್ದೆ, ಒಳಗೆ ಉಳಿದ ಡೈ ಗಾಳಿ ತಗುಲಿ ಮಾರನೇ ದಿನ ಮತ್ತೆ ಕಪ್ಪಾಯಿತು. ಎರಡನೇ ಸಲ ಉಗುರುಬೆಚ್ಚಗಿನ ನೀರಲ್ಲಿ ಪೂರಾ 20 ನಿಮಿಷ ತೊಳೆದೆ, ಮತ್ತೆ ಕಪ್ಪಾಗಲಿಲ್ಲ. ತುದಿ ಸ್ವಲ್ಪ ಕೆಂಪು ಹೊಡೆಯುತ್ತದೆ. ಮೆಹಂದಿ ಹಚ್ಚಿದ ಕೂದಲಿಗೆ ಇದು ನಡೆಯುವುದಿಲ್ಲ.