ಮೋಟರ್‌ಹೋಮ್ ಟೈರ್ ಒಡೆದರೆ ಮೊದಲು ಪಕ್ಕದ ಟೈರ್ ನೋಡಿ

ನಮ್ಮದು ಕ್ಲಾಸ್ ಸಿ ಮೋಟರ್‌ಹೋಮ್. ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ ಮನೆ. ಮುಂದೆ ಎರಡು ಗಾಲಿ, ಹಿಂದೆ ಲಾರಿ ಥರ ಜೋಡಿ ಜೋಡಿಯಾಗಿ ನಾಲ್ಕು. ಒಟ್ಟು ಆರು ಟೈರ್. ಸ್ಟೆಪ್ನಿ ಇಲ್ಲ. ಇದು ಗೊತ್ತಾದಾಗ ಊರಿಂದ ಬಂದಿದ್ದ ನಮ್ಮ ಮಾವ ನಂಬಲೇ ಇಲ್ಲ. "ಸ್ಟೆಪ್ನಿ ಇಲ್ದ ಗಾಡಿ ಯಾರಮ್ಮಾ ಮಾರ್ತಾರೆ?" ಅಂದರು. ಅವರು ದಾವಣಗೆರೆಯಲ್ಲಿ ಬಹಳ ವರ್ಷ ಲಾರಿ ಓಡಿಸಿದವರು. ಆದರೆ ಅಮೆರಿಕದಲ್ಲಿ ಎಷ್ಟೋ ಮೋಟರ್‌ಹೋಮ್‌ಗಳು ಸ್ಟೆಪ್ನಿ ಇಲ್ಲದೆಯೇ ಬರುತ್ತವೆ. ಗಾಲಿ ಭಾರ, ಇಡೋಕೆ ಜಾಗ ಬೇಕು, ರಸ್ತೆ ಬದಿಯಲ್ಲಿ ಬಿಚ್ಚೋದು ಮನೆಮಂದಿಯ ಕೆಲಸ ಅಲ್ಲ. ಫೋನ್ ಮಾಡಿ, ಸರ್ವಿಸ್ ಟ್ರಕ್ ಕರೆಸಿ ಅನ್ನೋದು ಇಲ್ಲಿನ ರೂಢಿ.

ಜೂನ್ ತಿಂಗಳಲ್ಲಿ ಅತ್ತೆ ಮಾವನನ್ನು ಕರೆದುಕೊಂಡು ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಟಿದ್ದೆವು. ಓಡಿಸುತ್ತಿದ್ದದ್ದು ನಾನು. ನನ್ನ ಗಂಡನಿಗೆ ಇಷ್ಟು ಅಗಲದ ಗಾಡಿ ಕೈಗೆ ಕೊಟ್ಟರೆ ಎರಡು ಲೇನ್ ಬೇಕು. ಕ್ಯಾಲಿಫೋರ್ನಿಯಾದ ಬಾರ್‌ಸ್ಟೋದಿಂದ ಇಂಟರ್‌ಸ್ಟೇಟ್ 40 ಹೆದ್ದಾರಿ ಹಿಡಿದರೆ ಮೊಜಾವೆ ಮರುಭೂಮಿ. ನೀಡಲ್ಸ್ ಹತ್ತಿರ ಕೊಲೊರಾಡೊ ನದಿ ದಾಟಿದರೆ ಅರಿಝೋನಾ. ನೀಡಲ್ಸ್ ಸಮುದ್ರಮಟ್ಟಕ್ಕಿಂತ ಸುಮಾರು 500 ಅಡಿ ಮೇಲಿದೆ, ಕಿಂಗ್‌ಮನ್ 3,300 ಅಡಿ. ಅಲ್ಲಿಂದ ಮುಂದೆ ಸೆಲಿಗ್‌ಮನ್ ಹೊತ್ತಿಗೆ 5,000 ಅಡಿ ದಾಟುತ್ತದೆ. ಕಾದ ಡಾಂಬರಿನ ಮೇಲೆ ಅಷ್ಟು ಹೊತ್ತು ಓಡಿ, ಅದಾದ ಮೇಲೆ ಏರು. ಟೈರಿಗೆ ಇದಕ್ಕಿಂತ ಕೆಟ್ಟ ದಾರಿ ಬೇಕಿಲ್ಲ.

ನೀಡಲ್ಸ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಮಾವ ಇಳಿದು ಒಂದು ಕಬ್ಬಿಣದ ರಾಡ್ ಹಿಡಿದು ಆರೂ ಟೈರ್ ಬಡಿದು ನೋಡಿದರು. ನಮ್ಮ ಲಾರಿಯವರು ಚಹಾಕ್ಕೆ ನಿಂತಾಗೆಲ್ಲ ಮಾಡುತ್ತಾರಲ್ಲ, ಹಾಗೆ. ಗಾಳಿ ಸರಿಯಿದ್ದರೆ ರಾಡ್ ಪುಟಿದು ವಾಪಸ್ ಬರುತ್ತದೆ. ಗಾಳಿ ಇಳಿದಿದ್ದರೆ 'ಧಪ್' ಅಂತ ಸುಮ್ಮನೆ ಕೂರುತ್ತದೆ. ಆರೂ ಚೆನ್ನಾಗಿಯೇ ಪುಟಿದವು. ಡ್ಯಾಶ್‌ಬೋರ್ಡ್ ಮೇಲೆ ಟೈರ್ ಪ್ರೆಶರ್ ತೋರಿಸುವ ಪುಟ್ಟ ಮಾನಿಟರ್ ಕೂಡ ಇತ್ತು. ಬೆಳಿಗ್ಗೆ ಹಿಂದಿನ ಟೈರುಗಳಿಗೆ 80 ಪಿಎಸ್‌ಐ ಹೊಡೆಸಿದ್ದೆ. ಮಧ್ಯಾಹ್ನ ಅದು 90 ದಾಟಿತ್ತು. ಇದು ಸಹಜ. ಬಿಸಿಲಿಗೆ, ಓಟಕ್ಕೆ ಏರಿದ ಪ್ರೆಶರ್ ಕಂಡು ಗಾಬರಿಯಾಗಿ ಗಾಳಿ ಬಿಡಬಾರದು. ಟೈರ್ ಮೇಲೆ ಬರೆದಿರುವ ಅಂಕಿ ತಣ್ಣಗಿರುವಾಗಿನದು. ಬಿಸಿಯಲ್ಲಿ ಗಾಳಿ ಬಿಟ್ಟರೆ ತಣ್ಣಗಾದಾಗ ಕಡಿಮೆ ಆಗುತ್ತದೆ. ಕಡಿಮೆ ಗಾಳಿಯ ಟೈರ್ ಇನ್ನೂ ಜಾಸ್ತಿ ಕಾಯುತ್ತದೆ.

ಕಿಂಗ್‌ಮನ್ ದಾಟಿದ ಮೇಲೆ ಹಿಂದೆ ಊಟದ ಮೇಜಿನ ಹತ್ತಿರ ಕೂತಿದ್ದ ಮಾವ, "ಸೀಟು ಅದುರ್ತಾ ಐತೆ ಕಣಮ್ಮಾ" ಅಂದರು. ಮುಂದೆ ಸ್ಟೀರಿಂಗ್‌ನಲ್ಲಿ ಏನೂ ಇಲ್ಲ. ಮಾನಿಟರ್‌ನಲ್ಲಿ ಎಲ್ಲ ಸರಿ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ನೋಡೋಣ ಅಂತ ವೇಗ ತಗ್ಗಿಸಿದೆ. ಎಕ್ಸಿಟ್ ಬರುವ ಮೊದಲೇ ನೆಲದಡಿ 'ಧಡ್' ಅಂತು. ಆಮೇಲೆ ಯಾರೋ ಕೆಳಗಿಂದ ಸುತ್ತಿಗೆಯಲ್ಲಿ ಹೊಡೆಯುತ್ತಿದ್ದಾರೆ ಅನ್ನುವಂತೆ ಧಡಧಡ. ಮಾನಿಟರ್ ಕೂಗತೊಡಗಿತು. "ಬ್ರೇಕ್ ಒತ್ತಬ್ಯಾಡ, ಬ್ರೇಕ್ ಒತ್ತಬ್ಯಾಡ!" ಅಂತ ಮಾವ ಹಿಂದಿನಿಂದ.

ಟೈರ್ ಒಡೆದ ಗಾಡಿಗೆ ಗಟ್ಟಿ ಬ್ರೇಕ್ ಹಾಕಿದರೆ ಅದು ಎಳೆದ ಕಡೆಗೆ ಹೋಗುತ್ತದೆ. ಆಕ್ಸಲರೇಟರ್‌ನಿಂದ ಕಾಲು ಥಟ್ಟನೆ ತೆಗೆಯುವುದೂ ಬೇಡ. ಕಾಲು ಹಾಗೇ ಇಟ್ಟು, ಸ್ಟೀರಿಂಗ್ ಎರಡೂ ಕೈಯಲ್ಲಿ ನೇರ ಹಿಡಿದು, ಗಾಡಿ ಹತೋಟಿಯಲ್ಲಿದೆ ಅಂತ ಖಾತ್ರಿಯಾದ ಮೇಲೆ ನಿಧಾನಕ್ಕೆ ಕಾಲು ಸಡಿಲಿಸಬೇಕು. ಮುಂದಿನ ಟೈರ್ ಒಡೆದರೆ ಇದು ಜೀವದ ಪ್ರಶ್ನೆ. ನಮ್ಮದು ಹಿಂದಿನ ಜೋಡಿಯಲ್ಲಿ ಒಂದು, ಹಾಗಾಗಿ ಗಾಡಿ ಸ್ವಲ್ಪ ತೂಗಾಡಿತು ಅಷ್ಟೇ. ನಾನು ಓಡಿಸೋದು ಗಂಟೆಗೆ 60 ಮೈಲಿ ಆಸುಪಾಸು. ಅಲ್ಲಿ ಮಿತಿ 75. ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ, ಮೋಟರ್‌ಹೋಮ್‌ಗೆ ಅಷ್ಟೇ ಸಾಕು.

ಶೋಲ್ಡರ್‌ನಲ್ಲಿ, ಅಂದರೆ ಹೆದ್ದಾರಿ ಅಂಚಿನ ಪಟ್ಟಿಯಲ್ಲಿ, ಅಲ್ಲೇ ನಿಲ್ಲಿಸಲಿಲ್ಲ. ಪಕ್ಕದಲ್ಲಿ ದೊಡ್ಡ ಟ್ರಕ್ ಹೋದರೆ ನಮ್ಮ ಗಾಡಿ ಅಲುಗಾಡುತ್ತದೆ. ಅಲ್ಲಿ ಯಾರೂ ಕೆಲಸ ಮಾಡಲಾಗದು. ಎದುರಿಗೇ ಎಕ್ಸಿಟ್ 87 ಕಾಣುತ್ತಿತ್ತು. ಹಜಾರ್ಡ್ ಲೈಟ್ ಹಾಕಿ, ನಡಿಗೆಯ ವೇಗದಲ್ಲಿ ಶೋಲ್ಡರ್ ಮೇಲೇ ಅಲ್ಲಿಗೆ ಹೋಗಿ, ರ‍್ಯಾಂಪ್ ದಾಟಿದ ಮೇಲೆ ಸಿಕ್ಕ ಅಗಲ ಜಾಗದಲ್ಲಿ ನಿಲ್ಲಿಸಿದೆ. ಅಂಗಡಿ, ಪಂಪ್ ಏನೂ ಇಲ್ಲದ ಎಕ್ಸಿಟ್ ಅದು. ನೆರಳೂ ಇಲ್ಲ.

ಇಳಿದು ನೋಡಿದರೆ ಬಲಗಡೆ ಹಿಂದಿನ ಟೈರ್ ಗಟ್ಟಿಮುಟ್ಟಾಗಿ ನಿಂತಿದೆ! ಹೊರಗಿನಿಂದ ನೋಡಿದವರು ಏನೂ ಆಗಿಲ್ಲ ಅನ್ನಬೇಕು. ಟಾರ್ಚ್ ಹಿಡಿದು ಬಗ್ಗಿದಾಗ ಗೊತ್ತಾಯಿತು, ಹೋಗಿರೋದು ಒಳಗಿನದು. ನೆಲಕ್ಕೆ ಉಜ್ಜುವ ಮೇಲಿನ ಪಟ್ಟಿ ಪೂರ್ತಿ ಕಿತ್ತು ಹೋಗಿ, ಉಕ್ಕಿನ ತಂತಿಗಳು ಕೆದರಿದ ಕೂದಲಿನ ಹಾಗೆ ಹೊರಗೆ ಬಂದಿದ್ದವು. ಗಾಳಿ ಸೋರಿ ಒಡೆದದ್ದಲ್ಲ ಇದು. ಒಳಗಿನ ಪದರಗಳು ಒಂದಕ್ಕೊಂದು ಬಿಟ್ಟುಕೊಂಡು, ಮೇಲ್ಪಟ್ಟಿ ಕಳಚಿ, ಆಮೇಲೆ ಒಡೆದದ್ದು. ಅದಕ್ಕೇ ಕೊನೆಯ ಕ್ಷಣದ ತನಕ ಪ್ರೆಶರ್ ಸರಿಯಾಗಿಯೇ ಇತ್ತು. ರಾಡಿಗೂ ಗೊತ್ತಾಗಲಿಲ್ಲ, ಮಾನಿಟರಿಗೂ ಗೊತ್ತಾಗಲಿಲ್ಲ. ಸೀಟಿಗೆ ಗೊತ್ತಾಯಿತು.

ಆ ಕಿತ್ತ ಪಟ್ಟಿ ಸುತ್ತುತ್ತಾ ಮೇಲೆ ಹೊಡೆದದ್ದರಿಂದ ಆದ ಹಾನಿಯೇ ದೊಡ್ಡದು. ಗಾಲಿಯ ಮೇಲಿನ ತಗಡು ಹರಿದು, ಅದರ ಮೇಲಿದ್ದ ಕಪಾಟಿನ ಪ್ಲೈವುಡ್ ಎದ್ದು ಬಂದಿತ್ತು. ಅತ್ತೆ ಆ ಕಪಾಟಿನಲ್ಲಿ ಅವಲಕ್ಕಿ, ಚಟ್ನಿಪುಡಿ ಡಬ್ಬಿಗಳನ್ನು ಜೋಡಿಸಿದ್ದರು. ಬಾಗಿಲು ತೆಗೆದರೆ ಕೆಂಪು ಪುಡಿ ಎಲ್ಲ ಕಡೆ ಹರಡಿದೆ, ಅದರ ನಡುವೆ ತೂತು, ತೂತಿನಲ್ಲಿ ಕೆಳಗಿನ ರಸ್ತೆ ಕಾಣುತ್ತದೆ. ಅತ್ತೆ ಮೊದಲು ಕೇಳಿದ್ದು, "ಶೇಂಗಾಪುಡಿ ಉಳಿದೈತೋ ಇಲ್ವೋ?" ಅಂತ. ಉಳಿದಿತ್ತು.

ನಾನು ಮೊದಲು ಮಾಡಿದ ಕೆಲಸ ಗ್ಯಾಸ್ ಸಿಲಿಂಡರಿನ ವಾಲ್ವ್ ಮುಚ್ಚಿದ್ದು. ಮೋಟರ್‌ಹೋಮ್‌ನಲ್ಲಿ ಒಲೆ, ಫ್ರಿಜ್‌ಗೆ ಹೋಗುವ ಗ್ಯಾಸ್ ಪೈಪು, ವೈರು, ಬಳಸಿದ ನೀರಿನ ಪೈಪು ಎಲ್ಲ ನೆಲದಡಿಯೇ ಇರುತ್ತವೆ. ಸೆಕೆಗೆ ತಾಳದೆ ಜನ ನಿಲ್ಲಿಸಿದ ಕೂಡಲೇ ಜನರೇಟರ್ ಹಾಕಿ ಎಸಿ ಶುರು ಮಾಡುತ್ತಾರೆ. ಪೈಪಿಗೆ ಏಟು ಬಿದ್ದಿದೆಯಾ ಅಂತ ನೋಡದೆ ಅದನ್ನು ಮಾಡಬಾರದು. ನನ್ನ ಗಂಡ ಕೆಳಗೆ ಮಲಗಿ ನೋಡಿದರು. ಗ್ಯಾಸ್ ಪೈಪು ಮುಟ್ಟಿರಲಿಲ್ಲ. ಬಚ್ಚಲು ನೀರಿನ ಟ್ಯಾಂಕಿನ ವಾಲ್ವ್ ಕೇಬಲ್ ಕಿತ್ತಿತ್ತು, ಒಂದು ವೈರು ತುಂಡಾಗಿತ್ತು. ಅದಕ್ಕೆ ಟೇಪ್ ಸುತ್ತಿ, ಆಮೇಲೆ ಜನರೇಟರ್ ಹಾಕಿದೆವು.

ಈಗ ಫೋನ್. ದಾರಿಯಲ್ಲಿ ಗಾಡಿ ಕೆಟ್ಟರೆ ನೆರವಿಗೆ ಬರುವ ರೋಡ್‌ಸೈಡ್ ಪ್ಲಾನ್ ಕಾರಿಗೆ ಅಂತ ತೆಗೆದುಕೊಂಡದ್ದಾದರೆ ಸಾಮಾನ್ಯವಾಗಿ ಮೋಟರ್‌ಹೋಮ್‌ಗೆ ನಡೆಯುವುದಿಲ್ಲ. ಅದಕ್ಕೆ ಬೇರೆಯೇ ಪ್ಲಾನ್ ಇರಬೇಕು. ಫೋನಿನಲ್ಲಿ ಅವರು ಕೇಳುವುದನ್ನೆಲ್ಲ ನಾನು ಒಂದು ಕಾರ್ಡಿನಲ್ಲಿ ಬರೆದು ಡ್ರೈವರ್ ಸೀಟಿನ ಮುಂದೆ ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿರುತ್ತೇನೆ. ಚಾಸಿ ಯಾವುದು, ಉದ್ದ ಎಷ್ಟು, ಎತ್ತರ ಎಷ್ಟು, ಟೈರ್ ಅಳತೆ ಏನು. ನಮ್ಮದು ಎಲ್‌ಟಿ 225/75 ಆರ್ 16, ಭಾರ ಹೊರುವ ದರ್ಜೆ ಲೋಡ್ ರೇಂಜ್ ಇ. ಅದರ ಜೊತೆ ಇನ್ನೆರಡು ಮಾತು: ಎಷ್ಟನೇ ಮೈಲಿ, ಯಾವ ದಿಕ್ಕು. "ಐ-40, ಪೂರ್ವಕ್ಕೆ, ಎಕ್ಸಿಟ್ 87, ಬಲಗಡೆ ಹಿಂದೆ, ಒಳಗಿನದು." ಒಳಗಿನದು ಅಂತ ಹೇಳದಿದ್ದರೆ ಬರುವವನು ಬೇರೆ ತಯಾರಿಯಲ್ಲಿ ಬರುತ್ತಾನೆ. ಒಳಗಿನ ಗಾಲಿ ತೆಗೆಯಲು ಹೊರಗಿನದನ್ನೂ ಬಿಚ್ಚಬೇಕಲ್ಲ.

ನಾನು ಕೇಳಿದ್ದು ಎರಡು ಟೈರ್. ಆ ಕಡೆಯ ಹೆಣ್ಣುಮಗಳು, "ಒಡೆದದ್ದು ಒಂದೇ ತಾನೆ?" ಅಂದಳು. ಪ್ಲಾನ್‌ನವರು ಬರುವ ಖರ್ಚು, ಕೂಲಿ ಕೊಡುತ್ತಾರೆ. ಟೈರಿನ ದುಡ್ಡು ನಮ್ಮದೇ. ಆದರೂ ಎರಡು ಬೇಕು ಅಂದೆ.

ಯಾಕೆ ಅಂತ ಲೆಕ್ಕ ಹೇಳುತ್ತೇನೆ. ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಸ್ಕೇಲ್ ಇರುತ್ತದೆ. ಹೊರಡುವ ಮೊದಲು ಸಾಮಾನು, ನೀರು, ಜನ ಎಲ್ಲ ತುಂಬಿಸಿಕೊಂಡೇ ತೂಗಿಸುತ್ತೇನೆ. ಹಿಂದಿನ ಆಕ್ಸಲ್ ಮೇಲೆ ಸುಮಾರು 9,000 ಪೌಂಡ್ ಇತ್ತು, ಅಂದರೆ 4,080 ಕೆಜಿ. ಒಂದು ಬದಿಗೆ 2,040 ಕೆಜಿ. ಜೋಡಿಯಲ್ಲಿ ಒಂದೊಂದು ಟೈರಿಗೆ 1,020. ಈ ಅಳತೆಯ ಟೈರ್ ಜೋಡಿಯಲ್ಲಿದ್ದಾಗ ಹೊರಬಲ್ಲದ್ದು 2,470 ಪೌಂಡ್, 1,120 ಕೆಜಿ. ಅಂದರೆ ಎಲ್ಲ ಸರಿಯಿದ್ದಾಗಲೇ ಉಳಿಕೆ ನೂರು ಕೆಜಿ ಮಾತ್ರ! ಒಂಟಿಯಾಗಿದ್ದಾಗ ಅದರ ತಾಕತ್ತು 1,215 ಕೆಜಿ. ಒಳಗಿನದು ಒಡೆದ ಕ್ಷಣದಿಂದ ಹೊರಗಿನದರ ಮೇಲೆ 2,040 ಬಿತ್ತು. ನೋಡೋಕೆ ಚೆನ್ನಾಗಿದೆ ಅಂತ ಅದನ್ನೇ ಇಟ್ಟುಕೊಂಡರೆ ಮುಂದಿನ ಏರಿನಲ್ಲೋ, ಮುಂದಿನ ತಿಂಗಳೋ ಅದೂ ಇದೇ ದಾರಿ ಹಿಡಿಯುತ್ತದೆ. ಒಳಗೆ ಏನಾಗಿದೆ ಅಂತ ಹೊರಗಿಂದ ಗೊತ್ತಾಗಲ್ಲ.

ಇನ್ನೊಂದು ಕಾರಣವೂ ಇದೆ. ಜೋಡಿಯಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ಎತ್ತರದಲ್ಲಿ ವ್ಯತ್ಯಾಸ ಬರುತ್ತದೆ. ಎರಡರ ವ್ಯಾಸ ಕಾಲು ಇಂಚಿಗಿಂತ ಜಾಸ್ತಿ ಬೇರೆಯಾಗಬಾರದು. ದೊಡ್ಡದು ಭಾರವನ್ನೆಲ್ಲ ಹೊರುತ್ತದೆ, ಚಿಕ್ಕದು ಉಜ್ಜಿಕೊಂಡು ಬರುತ್ತದೆ. ಮಾವನಿಗೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ. "ಜೋಡಿ ಅಂದಮೇಲೆ ಜೋಡೀನೇ ಹಾಕ್ಬೇಕು" ಅಂದರು.

ಸರ್ವಿಸ್ ಟ್ರಕ್ ಕಿಂಗ್‌ಮನ್‌ನಿಂದ ಬರಲು ಎರಡು ಗಂಟೆ ಮೇಲಾಯಿತು. ಅಷ್ಟರಲ್ಲಿ ಅತ್ತೆ ಉಳಿದ ಶೇಂಗಾಪುಡಿಯಲ್ಲಿ ಮೊಸರವಲಕ್ಕಿ ಕಲೆಸಿದ್ದರು. ಬಂದ ಹುಡುಗ ಎರಡೂ ಹೊಸ ಟೈರ್ ಕೆಳಗಿಳಿಸಿದ. ಟೈರಿನ ಪಕ್ಕದ ಗೋಡೆಯಲ್ಲಿ ಅಚ್ಚೊತ್ತಿರುವ ಡಾಟ್ (DOT) ಕೋಡ್ ಹುಡುಕಿದೆ. ಅದರ ಕೊನೆಯ ನಾಲ್ಕು ಅಂಕಿ ಟೈರಿನ ಜಾತಕ. 2218 ಅಂತಿದ್ದರೆ 2018ನೇ ಇಸವಿಯ 22ನೇ ವಾರ ತಯಾರಾದದ್ದು. 2000ದಿಂದ ಈಚೆಗೆ ಹೀಗೆ ನಾಲ್ಕು ಅಂಕಿ ಹಾಕುತ್ತಾರೆ. ಹೊಸದು ಅಂತ ತಂದದ್ದು ಗೋದಾಮಿನಲ್ಲಿ ಮೂರು ವರ್ಷ ಮಲಗಿದ್ದಿರಬಹುದು, ಅದಕ್ಕೇ ನೋಡಬೇಕು. ಈ ಹೊಸ ಎರಡೂ ನಾವು ಹೋದ ವರ್ಷವೇ ತಯಾರಾದವು, ಒಂದೇ ಕಂಪನಿಯವು. ಕೋಡ್ ಪೂರ್ತಿ ಇರೋದು ಟೈರಿನ ಒಂದೇ ಬದಿಗೆ. ಒಳಮುಖವಾಗಿ ಕೂರಿಸಿಬಿಟ್ಟರೆ ಆಮೇಲೆ ಓದಲು ಗಾಡಿಯಡಿ ತೆವಳಬೇಕು. ಹಾಕುವಾಗಲೇ ಫೋಟೋ ತೆಗೆದುಕೊಂಡೆ.

ಒಡೆದದ್ದರ ವಯಸ್ಸು ಐದು ವರ್ಷ. ಅದರ ಜೋಡಿ ಟೈರಿನ ಮೇಲ್ಪಟ್ಟಿಯಲ್ಲಿ ಗೀರು ಇನ್ನೂ ಆಳವಾಗಿತ್ತು. ಮೋಟರ್‌ಹೋಮ್ ಟೈರ್ ಸವೆದು ಸಾಯೋದು ಅಪರೂಪ, ನಿಂತು ನಿಂತು ಸಾಯುತ್ತದೆ. ರಬ್ಬರ್ ಒಣಗದಂತೆ ಅದರಲ್ಲಿ ಬೆರೆಸಿರುವ ಮೇಣದಂಥ ವಸ್ತು ಟೈರ್ ಉರುಳುವಾಗ ಮೇಲ್ಮೈಗೆ ಬರುತ್ತದೆ. ವರ್ಷದ ಬಹುಪಾಲು ಮನೆ ಮುಂದೆ ಬಿಸಿಲಲ್ಲಿ ನಿಂತ ಗಾಡಿಗೆ ಆ ಭಾಗ್ಯ ಇಲ್ಲ. ಅದರ ಮೇಲೆ ಯಾವಾಗಲೂ ತುಂಬಿದ ಭಾರ. ಐದರಿಂದ ಏಳು ವರ್ಷ ಅಂತ ಬಲ್ಲವರು ಹೇಳುತ್ತಾರೆ. ಬಿಸಿಲು ನಾಡಿನಲ್ಲಿ ಓಡಿಸುವವರು ಐದಕ್ಕೇ ಬದಲಾಯಿಸಿ ಅನ್ನುತ್ತೇನೆ ನಾನು.

ಹುಡುಗ ನಟ್ಟುಗಳನ್ನು ಗನ್ನಿನಲ್ಲಿ ಬಿಗಿದು ಹೊರಡುವವನಿದ್ದ. ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚಿನಲ್ಲಿ ಅವನಿಂದಲೇ 140 ಅಡಿ-ಪೌಂಡಿಗೆ ಮತ್ತೆ ಬಿಗಿಸಿದೆ. ಬೇಸರವಿಲ್ಲದೆ ಮಾಡಿಕೊಟ್ಟ. ಗಾಲಿ ಬಿಚ್ಚಿ ಹಾಕಿದ ಮೇಲೆ ನೂರು ಮೈಲಿಯೊಳಗೆ ಇನ್ನೊಮ್ಮೆ ಬಿಗಿ ನೋಡಬೇಕು. ಜೋಡಿ ಗಾಲಿಯಲ್ಲಂತೂ ತಪ್ಪಿಸುವಂತಿಲ್ಲ. ನಮಗೆ ಅದು ಸರಿಯಾಗಿ ವಿಲಿಯಮ್ಸ್ ಊರಿಗೆ ಬಂತು, ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೆದ್ದಾರಿ ಬಿಟ್ಟು ಉತ್ತರಕ್ಕೆ ತಿರುಗುವ ಜಾಗ. ಅಲ್ಲಿ ರೆಂಚ್ ಹಾಕಿದಾಗ ಎರಡು ನಟ್ಟು ಚೂರು ತಿರುಗಿದವು.

ಕ್ಯಾನ್ಯನ್ ನೋಡಿಕೊಂಡು ವಾಪಸ್ ಹೋಗುವ ಮುನ್ನ ಫ್ಲಾಗ್‌ಸ್ಟಾಫ್‌ಗೆ ಹೋಗಿ ಎಡಗಡೆಯ ಜೋಡಿಯನ್ನೂ ಬದಲಾಯಿಸಿದೆವು. ಅವೂ ಅದೇ ವಯಸ್ಸಿನವು. ಅಂಗಡಿಯವರಿಂದ ಒಳಗಿನ ಗಾಲಿಗಳಿಗೆ ಗಾಳಿ ಹಾಕಲು ಇದ್ದ ರಬ್ಬರ್ ಪೈಪಿನ ಎಕ್ಸ್‌ಟೆನ್ಶನ್ ತೆಗೆಸಿ, ಉದ್ದನೆಯ ಲೋಹದ ವಾಲ್ವ್ ಹಾಕಿಸಿದೆ. ಆ ರಬ್ಬರ್ ಪೈಪುಗಳು ಸೋರುವುದು ಮಾಮೂಲು. ಗಾಲಿ ಮೇಲಿನ ತೂತಿಗೆ ಹಾರ್ಡ್‌ವೇರ್ ಅಂಗಡಿಯಿಂದ ತಗಡು, ಅಲ್ಯೂಮಿನಿಯಂ ಟೇಪ್ ತಂದು ನನ್ನ ಗಂಡ ಮುಚ್ಚಿದರು. ಮನೆಗೆ ಬಂದ ಮೇಲೆ ಅಲ್ಲಿ ದಪ್ಪ ಉಕ್ಕಿನ ಹಾಳೆ ಕೂರಿಸಿದೆವು. ಈಗ ಆ ಕಪಾಟಿನಲ್ಲಿ ಅಡುಗೆ ಸಾಮಾನು ಇಡೋದಿಲ್ಲ, ಹಾಸಿಗೆ ಹೊದಿಕೆ ತುಂಬಿಸಿದ್ದೇವೆ.