18 ಸೆಕೆಂಡ್ ಮುಂದೆ ಓಡಿದ ಗಡಿಯಾರ

ಅಲಾರಂ ಬರಬೇಕಿತ್ತು, ಬರಲಿಲ್ಲ.

ನಾನು ಕೆಲಸ ಮಾಡುವುದು ನೆಲದಡಿಯ ಒಂದು ನ್ಯೂಟ್ರಿನೊ ಡಿಟೆಕ್ಟರ್‌ನಲ್ಲಿ. ನ್ಯೂಟ್ರಿನೊ ಅಂದರೆ ಯಾವುದಕ್ಕೂ ಅಷ್ಟಾಗಿ ತಾಕದೆ ಹಾದುಹೋಗುವ ಅತಿ ಸಣ್ಣ ಕಣ. ಸೂಪರ್‌ನೋವಾ, ಅಂದರೆ ನಕ್ಷತ್ರ ಸಿಡಿಯುವುದು, ಅದರ ಕಾವಲು ನನ್ನ ಪಾಲಿಗೆ ಬಂದ ಕೆಲಸ. ಅಂದು ತಾಲೀಮು ಇತ್ತು. ನಾವು ಮತ್ತು ಇನ್ನೊಂದು ಡಿಟೆಕ್ಟರ್‌ನವರು ಒಂದೇ ಹೊತ್ತಿಗೆ ಸುಳ್ಳು ಸಿಗ್ನಲ್ ಕಳಿಸಬೇಕು. ಮಧ್ಯದಲ್ಲಿರುವ ಸರ್ವರ್ ಎರಡನ್ನೂ ತಾಳೆ ನೋಡಿ ಎಚ್ಚರಿಕೆ ಕೊಡಬೇಕು. ನಾವು ಕಳಿಸಿದೆವು, ಅವರೂ ಕಳಿಸಿದರು. ಸರ್ವರ್ ಎರಡನ್ನೂ ತೆಗೆದುಕೊಂಡು ಸುಮ್ನೆ ಕೂತಿತು.

ಈ ತಾಳೆ ನೋಡುವ ಲೆಕ್ಕ ತುಂಬಾ ಸರಳ. ಎರಡು ಡಿಟೆಕ್ಟರ್‌ಗಳ ಅಲಾರಂ 10 ಸೆಕೆಂಡ್ ಒಳಗೆ ಬಂದರೆ ಸೂಪರ್‌ನೋವಾ ಇರಬಹುದು, ಇಲ್ಲದಿದ್ದರೆ ಬಿಟ್ಟುಬಿಡು. ಸ್ನ್ಯೂಸ್ ಎಂಬ ಜಾಲ 2005ರಿಂದ ಮನುಷ್ಯರ ಕೈ ಸೋಕದೆ ಹೀಗೇ ಎಚ್ಚರಿಕೆ ಕೊಡಲು ಸಿದ್ಧವಾಗಿ ನಿಂತಿದೆ. ಒಂದೊಂದು ಡಿಟೆಕ್ಟರ್ ವಾರಕ್ಕೊಂದು ಸುಳ್ಳು ಅಲಾರಂ ಕೊಟ್ಟರೂ ನಡೆಯುತ್ತದೆ. ಮೊದಲ ಸಲ ಇದನ್ನು ಕೇಳಿದಾಗ ನನಗೆ ವಿಚಿತ್ರ ಅನಿಸಿತ್ತು. ಕಾಗದ ಹಿಡಿದು ಲೆಕ್ಕ ಹಾಕಿದೆ. ಇಂಥ ಎರಡು ಡಿಟೆಕ್ಟರ್ ಆಕಸ್ಮಿಕವಾಗಿ 10 ಸೆಕೆಂಡ್ ಒಳಗೆ ಒಟ್ಟಿಗೆ ಕೂಗುವುದು ಸುಮಾರು 580 ವರ್ಷಕ್ಕೊಮ್ಮೆ. ನಾಲ್ಕು ಡಿಟೆಕ್ಟರ್ ಇದ್ದರೆ ಆರು ಜೋಡಿ, ಹೆಚ್ಚೂಕಡಿಮೆ ನೂರು ವರ್ಷಕ್ಕೊಂದು ಸುಳ್ಳು. ನಮ್ಮ ಆಕಾಶಗಂಗೆಯಲ್ಲಿ ಸೂಪರ್‌ನೋವಾ ಆಗುವುದೂ ಶತಮಾನಕ್ಕೆ ಒಂದೋ ಎರಡೋ ಮೂರೋ. ಬರಿಗಣ್ಣಿಗೆ ಚೆನ್ನಾಗಿ ಕಂಡ ಕೊನೆಯದು 1604ರದ್ದು.

ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ನ್ಯೂಟ್ರಿನೊ ಬೆಳಕಿಗಿಂತ ಮೊದಲು ಬರುತ್ತದೆ. ಬೆಳಕಿಗಿಂತ ವೇಗವಾಗಿ ಓಡುತ್ತದೆ ಅಂತಲ್ಲ, ಮೊದಲೇ ಹೊರಡುತ್ತದೆ. ನಕ್ಷತ್ರದ ತಿರುಳು ಕುಸಿದಾಗ ಶಕ್ತಿಯ ಶೇ. 99ರಷ್ಟನ್ನು ನ್ಯೂಟ್ರಿನೊಗಳೇ ಹೊತ್ತು ಹೊರಬೀಳುತ್ತವೆ. ಸ್ಫೋಟದ ಅಲೆ ನಕ್ಷತ್ರದ ಮೈಯ ತನಕ ಬಂದ ಮೇಲಷ್ಟೇ ಬೆಳಕು ಹೊರಡುವುದು. ನಕ್ಷತ್ರ ಎಷ್ಟು ದಪ್ಪ ಎನ್ನುವುದರ ಮೇಲೆ ಅದಕ್ಕೆ ಕೆಲವು ನಿಮಿಷ ಹಿಡಿಯಬಹುದು, ಕೆಲವು ಗಂಟೆಯೂ ಹಿಡಿಯಬಹುದು. ದೂರದರ್ಶಕದವರಿಗೆ ನಾವು ಕೊಡಬಹುದಾದ ಬಿಡುವು ಅಷ್ಟೇ.

1987ರ ಫೆಬ್ರವರಿ 23ರಂದು ಹೀಗೇ ಆಯಿತು. ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಪ್ರಕಾರ 7.35ಕ್ಕೆ ನ್ಯೂಟ್ರಿನೊ ಬಂತು. ಬೆಳಕು ಮೊದಲು ಫೋಟೊದಲ್ಲಿ ಬಿದ್ದದ್ದು ಸುಮಾರು ಮೂರು ಗಂಟೆ ಆದ ಮೇಲೆ. ಆದರೆ ಯಾರಿಗೂ ಎಚ್ಚರಿಕೆ ಹೋಗಲಿಲ್ಲ. ಆಕಾಶದಲ್ಲಿ ಸೂಪರ್‌ನೋವಾ ಕಂಡಿದೆ ಎಂಬ ಸುದ್ದಿ ಬಂದ ನಂತರವೇ ದತ್ತಾಂಶವನ್ನು ಕೆದಕಿ ನೋಡಿದ್ದು. ಮೂರು ಡಿಟೆಕ್ಟರ್ ಸೇರಿ ಸಿಕ್ಕಿದ್ದು ಬರೀ ಎರಡು ಡಜನ್ ನ್ಯೂಟ್ರಿನೊ. ನನ್ನನ್ನು ಜಾಸ್ತಿ ಕಾಡುವ ಸಂಗತಿ ಬೇರೆ. ಜಪಾನಿನ ಕಾಮಿಯೋಕಾಂಡೆಯ ಗಡಿಯಾರದಲ್ಲಿ ಒಂದು ನಿಮಿಷದ ತನಕ ಹೆಚ್ಚುಕಡಿಮೆ ಇರಬಹುದಿತ್ತು. ಕಾಕಸಸ್ ಬೆಟ್ಟದಡಿಯ ಬಾಕ್ಸನ್‌ನ ಗಡಿಯಾರವೂ ಸುಮಾರು ಹಾಗೇ. ಸೆಕೆಂಡಿನ ಸಣ್ಣ ಪಾಲಿನ ತನಕ ನಂಬಬಹುದಾದ ಸಮಯ ಇದ್ದದ್ದು ಅಮೆರಿಕದ ಐಎಂಬಿ ಹತ್ತಿರ ಮಾತ್ರ. ಅದರಲ್ಲೂ ಅಂದು ಬೆಳಕನ್ನು ಹಿಡಿಯುವ ಫೋಟೊಟ್ಯೂಬ್‌ಗಳಲ್ಲಿ ಕಾಲು ಭಾಗ ವಿದ್ಯುತ್ ಸರಬರಾಜು ಕೆಟ್ಟು ಸತ್ತಿದ್ದವು! ಇಂದಿನ 10 ಸೆಕೆಂಡ್ ನಿಯಮವನ್ನು ಅಂದಿನ ಗಡಿಯಾರಗಳಿಗೆ ಹಾಕಿದ್ದರೆ ತಾಳೆ ಆಗುತ್ತಿತ್ತು ಅಂತ ಯಾರೂ ಧೈರ್ಯವಾಗಿ ಹೇಳುವಂತಿಲ್ಲ.

ಈ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. ಹೊಸಬರಿಗೆ ನಾನೇ ಹೇಳುತ್ತಿದ್ದೆ. ಆದರೂ ತಾಲೀಮು ಕೆಟ್ಟಾಗ ಗಡಿಯಾರದ ಕಡೆ ನೋಡಲಿಲ್ಲ. ಮೊದಲು ನೆಟ್‌ವರ್ಕ್ ಮೇಲೆ ಅನುಮಾನ, ಆಮೇಲೆ ನಮ್ಮ ಥ್ರೆಶೋಲ್ಡ್ (ಅಲಾರಂ ಹೊಡೆಯಲು ಇಟ್ಟ ಮಿತಿ) ಮೇಲೆ, ಆಮೇಲೆ ಎದುರಿನವರ ಮೇಲೆ. ಒಂದೂವರೆ ದಿನ ಹೀಗೇ ಹೋಯಿತು. ಕೊನೆಗೆ ನಮ್ಮ ಹಿರಿಯರೊಬ್ಬರು ಲಾಗ್ ನೋಡುತ್ತಾ, "ನಿಮ್ಮ ಸಂದೇಶ ಕಳಿಸುವುದಕ್ಕೆ ಮೊದಲೇ ಬಂದು ತಲುಪಿದೆಯಲ್ರೀ" ಎಂದರು. ಸರ್ವರ್‌ಗೆ ಮುಟ್ಟಿದ ಸಮಯಕ್ಕಿಂತ ನಾವು ಬರೆದ ಸಮಯ ಮುಂದಿತ್ತು. ಎಷ್ಟು ಮುಂದೆ? ಸರಿಯಾಗಿ 18 ಸೆಕೆಂಡ್.

ಈ ಕೆಲಸದಲ್ಲಿರುವವರಿಗೆ 18 ಅಂದರೆ ಸಾಕು, ಉಳಿದದ್ದು ಗೊತ್ತಾಗುತ್ತದೆ. ಭೂಮಿಯ ತಿರುಗುವಿಕೆಗೆ ಗಡಿಯಾರವನ್ನು ಹೊಂದಿಸಲು ಆಗಾಗ ಸೇರಿಸುವ ಒಂದು ಸೆಕೆಂಡೇ ಲೀಪ್ ಸೆಕೆಂಡ್. ಜಿಪಿಎಸ್ ಸಮಯಕ್ಕೆ ಅದನ್ನು ಸೇರಿಸುವುದಿಲ್ಲ, ಯುಟಿಸಿಗೆ ಸೇರಿಸುತ್ತಾರೆ. ಹಾಗಾಗಿ 2017ರ ಜನವರಿ 1ರಿಂದ ಜಿಪಿಎಸ್ 18 ಸೆಕೆಂಡ್ ಮುಂದಿದೆ. ನಾವು ಕೆಲವು ವಾರ ಹಿಂದೆ ಜಿಪಿಎಸ್ ರಿಸೀವರ್ ಬದಲಾಯಿಸಿದ್ದೆವು. ಹಳೆಯದು ಯುಟಿಸಿ ಕೊಡುತ್ತಿತ್ತು, ಹೊಸದು ಜಿಪಿಎಸ್ ಸಮಯವನ್ನೇ ನೇರವಾಗಿ ಕೊಡುತ್ತಿತ್ತು. ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬದಲಿಸಬೇಕಿತ್ತು, ನಾನು ಬದಲಿಸಿರಲಿಲ್ಲ. ಆ ವಾರಗಳಲ್ಲಿ ನಿಜವಾದ ಸೂಪರ್‌ನೋವಾ ಬಂದಿದ್ದರೆ ನಾವು ನೋಡುತ್ತಿದ್ದೆವು, ಅಲಾರಂ ಕಳಿಸುತ್ತಿದ್ದೆವು, ಆದರೆ ಜಾಲದ ಲೆಕ್ಕದಲ್ಲಿ ನಾವು ಇರುತ್ತಲೇ ಇರಲಿಲ್ಲ.

ನಾವು ಓಡುತ್ತಿದ್ದೇವೆ ಎಂದು ಸರ್ವರ್‌ಗೆ ನಿಮಿಷಕ್ಕೊಮ್ಮೆ ಹೋಗುವ ಹಾರ್ಟ್‌ಬೀಟ್ ಸಂದೇಶ ಇದನ್ನು ಹಿಡಿಯಬೇಕಿತ್ತು, ಅಲ್ವಾ? ಹಿಡಿಯಲಿಲ್ಲ. ನಮ್ಮ ಪರದೆಯ ಹಸಿರು ದೀಪ ಹಾರ್ಟ್‌ಬೀಟ್ ಬಂತೇ ಎಂದಷ್ಟೇ ನೋಡುತ್ತಿತ್ತು. ಅದರೊಳಗೆ ಬರೆದ ಸಮಯ ಸರಿಯಿದೆಯೇ ಎಂದು ನೋಡುತ್ತಿರಲಿಲ್ಲ. ಈಗ ನಮ್ಮ ಮತ್ತು ಸರ್ವರ್‌ನ ಗಡಿಯಾರಗಳ ವ್ಯತ್ಯಾಸ ಅರ್ಧ ಸೆಕೆಂಡ್ ದಾಟಿದರೆ ದೀಪ ಕೆಂಪಾಗುತ್ತದೆ. ನ್ಯೂಟ್ರಿನೊಗೆ ಇಡೀ ಭೂಮಿಯನ್ನು ಈ ತುದಿಯಿಂದ ಆ ತುದಿಗೆ ದಾಟಲು ಬೇಕಾದದ್ದೇ ಸುಮಾರು 42 ಮಿಲಿಸೆಕೆಂಡ್. ಯಾವ ಡಿಟೆಕ್ಟರ್‌ಗೆ ಮೊದಲು ತಾಕಿತು ಎಂಬುದರಿಂದ ದಿಕ್ಕು ಹುಡುಕಬೇಕಾದರೆ ಅರ್ಧ ಸೆಕೆಂಡೂ ದೊಡ್ಡ ತಪ್ಪೇ.

ಸುಳ್ಳು ಅಲಾರಂಗಳ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ಅವು ಬರುವ ದಾರಿಗಳು ಬೇಗ ಪರಿಚಯವಾಗುತ್ತವೆ. ಒಂದು ಫೋಟೊಟ್ಯೂಬ್ ತಾನೇ ಮಿಂಚಿ ಅಕ್ಕಪಕ್ಕದವಕ್ಕೂ ಬೆಳಕು ತೋರಿಸುತ್ತದೆ. ಮೇಲಿನಿಂದ ಬಂದ ಮ್ಯುವಾನ್ ಎಂಬ ಕಣ ಒಂದು ಪರಮಾಣುವನ್ನು ಒಡೆದು ಹೋಗುತ್ತದೆ, ಆ ಚೂರುಗಳು ಸ್ವಲ್ಪ ಹೊತ್ತು ಕ್ಷಯಿಸುತ್ತಿರುತ್ತವೆ. ನಾನು ಮೊದಲು ನೋಡುವುದು ಎಷ್ಟು ಘಟನೆ ಎಂದಲ್ಲ, ಎಲ್ಲೆಲ್ಲಿ ಎಂದು. ಸೂಪರ್‌ನೋವಾದ ನ್ಯೂಟ್ರಿನೊಗಳು ತೊಟ್ಟಿಯ ತುಂಬಾ ಹರಡಿಕೊಂಡು ಬೀಳುತ್ತವೆ. ಒಂದೇ ಮೂಲೆಯಲ್ಲಿ ಅಥವಾ ಒಂದೇ ಗೆರೆಯ ಉದ್ದಕ್ಕೆ ಗುಂಪಾಗಿದ್ದರೆ ಹೋಗಿ ಮಲಗಬಹುದು. ಎಲ್ಲಕ್ಕಿಂತ ಹೆಚ್ಚು ಸಲ ನನ್ನನ್ನು ಎಬ್ಬಿಸಿದ್ದು ಮಾತ್ರ ಮನುಷ್ಯರೇ. ಡಿಟೆಕ್ಟರ್ ಸರಿ ಅಳೆಯುತ್ತಿದೆಯೇ ಎಂದು ನೋಡಲು ಕ್ಯಾಲಿಬ್ರೇಶನ್ ಮೂಲವನ್ನು ತೊಟ್ಟಿಗೆ ಇಳಿಸುತ್ತಾರೆ, ಕಾವಲು ಪ್ರೋಗ್ರಾಮ್‌ಗೆ ಹೇಳಲು ಮರೆಯುತ್ತಾರೆ.

ಬೇರೆ ಬೇರೆ ಬಗೆಯ ಡಿಟೆಕ್ಟರ್‌ಗಳು ಬೇಕು ಎನ್ನುವುದೂ ಇದಕ್ಕೇ. ಸೂಪರ್-ಕಾಮಿಯೋಕಾಂಡೆಯಲ್ಲಿ 50,000 ಟನ್ ನೀರಿದೆ. ಐಸ್‌ಕ್ಯೂಬ್ ದಕ್ಷಿಣ ಧ್ರುವದ ಮಂಜುಗಡ್ಡೆಯೊಳಗಿನ ಐದು ಸಾವಿರಕ್ಕೂ ಹೆಚ್ಚು ಸೆನ್ಸರ್‌ಗಳು. ಅದು ಈ ನ್ಯೂಟ್ರಿನೊಗಳನ್ನು ಒಂದೊಂದಾಗಿ ಎಣಿಸುವುದಿಲ್ಲ, ಎಲ್ಲ ಸೆನ್ಸರ್‌ಗಳ ಗದ್ದಲ ಒಟ್ಟಿಗೆ ಏರಿತೇ ಎಂದು ನೋಡುತ್ತದೆ. ಕೆನಡಾದ ಹೇಲೊ 79 ಟನ್ ಸೀಸ. ನೀರಿನವರಿಗೆ ಬರುವ ಕಾಯಿಲೆ ಸೀಸದವರಿಗೆ ಬರುವುದಿಲ್ಲ.

2019ರ ಕೊನೆಯಲ್ಲಿ, ಮುಂದೊಂದು ದಿನ ಸಿಡಿಯಲಿರುವ ಆರ್ದ್ರಾ (ಬೆಟೆಲ್‌ಗ್ಯೂಸ್) ನಕ್ಷತ್ರ ಮಂಕಾದಾಗ ಎಲ್ಲರೂ ನನ್ನನ್ನು ಕೇಳಿದ್ದು ಒಂದೇ, "ಏನಾದರೂ ಬಂತಾ?" ಏನೂ ಬಂದಿರಲಿಲ್ಲ. ನಕ್ಷತ್ರ ಸಿಡಿಯಲಿಲ್ಲ, ಮುಂದೆ ಧೂಳು ಅಡ್ಡ ಬಂದಿತ್ತು. ಆದರೆ ಆ ದಿನಗಳಲ್ಲಿ ನಮ್ಮ ದುರಸ್ತಿ ಕೆಲಸಗಳನ್ನೆಲ್ಲ ಯಾರೂ ಹೇಳದೆಯೇ ಮುಂದಕ್ಕೆ ಹಾಕಿದೆವು. ಈಗಲೂ ವಿದ್ಯುತ್ ತೆಗೆಯುವ ಮೊದಲು ಬೇರೆ ಡಿಟೆಕ್ಟರ್‌ಗಳವರಿಗೆ ಬರೆದು ಕೇಳುತ್ತೇವೆ, ನೀವು ಓಡುತ್ತಿದ್ದೀರಾ ಅಂತ. ಮುಂದಿನ ವಾರ ನಮ್ಮದು ಆರು ಗಂಟೆ ಬಂದ್. ಒಬ್ಬರಿಂದ ಉತ್ತರ ಬಂದಿದೆ, ಇನ್ನೊಬ್ಬರದ್ದಕ್ಕೆ ಕಾಯುತ್ತಿದ್ದೇನೆ.