ತಲಿ ಮ್ಯಾಲ ಚುಕ್ಕಿ ಅದಾವೇನು?

ರಾನಪಿಂಗಳಾ ಎಂಬ ಗೂಬೆ ನೋಡಲು ಮಹಾರಾಷ್ಟ್ರದ ಮೇಳಘಾಟ ಕಾಡಿಗೆ ಹೊರಡುವ ಮೊದಲು ನಾನು ಧಾರವಾಡದಲ್ಲೇ ಕಣ್ಣು ಪಳಗಿಸಿಕೊಂಡೆ. ಇಂಗ್ಲಿಷಿನವರು ಫಾರೆಸ್ಟ್ ಔಲೆಟ್ ಎನ್ನುವ ಈ ಗೂಬೆ ಒಂದು ಗೇಣಿನಷ್ಟೇ. ಮಧ್ಯ ಭಾರತದ ಎಲೆಯುದುರುವ ಕಾಡುಗಳದ್ದು, ನಮ್ಮ ಕಡೆಯದಲ್ಲ. ಆದರೆ ಅದರೊಡನೆ ಗೊಂದಲವಾಗುವ ಎರಡೂ ಗೂಬೆಗಳು ನಮ್ಮಲ್ಲಿವೆ.

ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಹಾಲಕ್ಕಿ. ಬುಡಬುಡಕ್ಯಾ ‘ಹಾಲಕ್ಕಿ ನುಡೀತೈತಿ’ ಅಂತಾನಲ್ಲ, ಅದೇ. ನೆತ್ತಿಯ ತುಂಬ ಬಿಳಿ ಚುಕ್ಕಿ. ಕಲಘಟಗಿ ಕಡೆಯ ಕಾಡಿನಲ್ಲಿ ಜಂಗಲ್ ಔಲೆಟ್. ಅದಕ್ಕೆ ತಲೆಯಿಂದ ಹಿಡಿದು ಒತ್ತೊತ್ತಾಗಿ ಅಡ್ಡಗೆರೆ. ಇವೆರಡನ್ನು ಬೆಳಕಿಗೆ ಎದುರಾಗಿಯೂ ಗುರುತಿಸುವಷ್ಟು ರೂಢಿಯಾದ ಮೇಲೆಯೇ ಹೊರಟಿದ್ದು.

ರಾನಪಿಂಗಳಾದ ಕಥೆಯೇ ವಿಚಿತ್ರ. 1884ರ ಬಳಿಕ ಸುದ್ದಿಯೇ ಇಲ್ಲ. 1914ರದೆಂದು ಸತ್ತ ಹಕ್ಕಿಯ ಒಂದು ನಮೂನೆ ಇತ್ತು. ಅದು ಮೈನರ್ಟ್ಸ್‌ಹಾಗೆನ್ ಎಂಬ ಬ್ರಿಟಿಷ್ ಹಕ್ಕಿ ಸಂಗ್ರಾಹಕ ಮ್ಯೂಸಿಯಮ್ಮಿನಿಂದ ಕದ್ದು, ಹೊಸ ಚೀಟಿ ಕಟ್ಟಿದ ಹಳೆಯ ಹಕ್ಕಿ. ಆ ಮೋಸ ಬಯಲಿಗೆಳೆದ ಅಮೆರಿಕದ ಪಕ್ಷಿತಜ್ಞೆ ಪಾಮೆಲಾ ರಾಸ್ಮುಸೆನ್ ಅವರ ತಂಡವೇ 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಜೀವಂತ ಹಕ್ಕಿಯನ್ನು ಕಂಡಿತು. ಆಮೇಲೆ ಮಧ್ಯಪ್ರದೇಶ, ಗುಜರಾತಿನಲ್ಲೂ ಸಿಕ್ಕಿತು. 2018ರಲ್ಲಿ ಅಳಿವಿನಂಚಿನ ಜೀವಿಗಳ ಜಾಗತಿಕ ಕೆಂಪು ಪಟ್ಟಿಯಲ್ಲಿ ಇದನ್ನು ‘ತೀವ್ರ ಅಪಾಯ’ದಿಂದ ‘ಅಪಾಯ’ಕ್ಕೆ ಇಳಿಸಿದರು. ಹೊಸ ಜಾಗ ಸಿಕ್ಕರೆ ಹಕ್ಕಿ ಹೆಚ್ಚಾದವು ಅಂತಲ್ಲ; ಸಾಗವಾನಿ ಕಾಡು ಹೊಲವಾಗುವುದು ನಿಂತಿಲ್ಲ.

ನಾವು ಹೋದದ್ದು ಫೆಬ್ರವರಿಯಲ್ಲಿ, ಸಾಗವಾನಿ ಎಲೆ ಉದುರಿಸಿ ಬೋಳಾಗಿ ನಿಂತಾಗ. ಇದು ಹಗಲು ಹಕ್ಕಿ, ಟಾರ್ಚು ಬೇಕಿಲ್ಲ. ಬೆಳಿಗ್ಗೆ ಬಿಸಿಲು ಕಾಯಿಸುತ್ತ ಬರಿ ಕೊಂಬೆಯ ಮೇಲೆ ಕೂರುತ್ತದೆ. ಕೊರಕು ಸಮುದಾಯದ ನಮ್ಮ ಗೈಡು ಬೆರಳು ತೋರಿದ ಕಡೆ ದುರ್ಬೀನು ಹಿಡಿದೆ.

‘ತಲಿ ಮ್ಯಾಲ ಚುಕ್ಕಿ ಅದಾವೇನು?’ ಪಕ್ಕದಲ್ಲಿದ್ದ ಗೆಳೆಯ ಪಿಸುಗುಟ್ಟಿದ.

‘ಇಲ್ಲೋ ಮಾರಾಯಾ, ಇದ್ದರೂ ಕಾಣವಲ್ಲವು. ಎದಿ ನೋಡು, ಗಟ್ಟಿ ಕಂದು. ಹೊಟ್ಟಿ ಬೆಳ್ಳಗ.’

ಬಾಲದಲ್ಲಿ ಅಗಲವಾದ ಕಪ್ಪು-ಬಿಳಿ ಪಟ್ಟಿ. ಅದನ್ನು ಎಡಕ್ಕೆ ಬಲಕ್ಕೆ ಝಾಡಿಸುತ್ತಿತ್ತು. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ.

ಮೊಬೈಲಿನಲ್ಲಿ ಇದರ ರೆಕಾರ್ಡಾದ ಕೂಗು ಹಾಕಿ ಕರೆಸುವವರೂ ಇದ್ದಾರೆ. ಹಾಕಿದರೆ ಗಂಡು ಬರುತ್ತದೆ, ನಿಜ. ಆದರೆ ಆಗ ಪೊಟರೆಯಲ್ಲಿ ಮೊಟ್ಟೆ ಮರಿಗಳ ಕಾಲ. ಇಲ್ಲದ ವೈರಿಯನ್ನು ಹುಡುಕುತ್ತ ಅದು ಬೇಟೆ ಬಿಟ್ಟು ಕೂರುತ್ತದೆ. ನಾವು ಹಾಕಲಿಲ್ಲ, ಹಾಕುವವರ ಜೊತೆ ಹೋಗುವುದೂ ಇಲ್ಲ.